ನಾಡು, ಸೀಮೆ, ಹೋಬಳಿ: ಮೈಸೂರು ಪ್ರದೇಶದ ಸಾಂಪ್ರದಾಯಿಕ ಪ್ರಾಂತ ವಿಭಾಗಗಳು

ಆಧುನಿಕ ಜಿಲ್ಲಾಡಳಿತ ರೂಪುಗೊಳ್ಳುವ ಎಷ್ಟೋ ಮೊದಲೇ ಹುಟ್ಟಿ, ಕಂದಾಯ ವಸೂಲಿ, ನ್ಯಾಯತೀರ್ಮಾನ, ದಂಡು ಕೂಡಿಸುವಿಕೆ, ದೇವರ ಉತ್ಸವ, ಕುಲದ ಕಟ್ಟುಕಟ್ಟಳೆ ಮುಂತಾದವುಗಳಿಗೆ ಎಲ್ಲೆಯನ್ನು ಗೊತ್ತುಮಾಡಿದ ಭೂಭಾಗಗಳನ್ನು ಸಾಂಪ್ರದಾಯಿಕ ಪ್ರಾಂತ ವಿಭಾಗಗಳೆಂದು ಕರೆಯಬಹುದು. ಕನ್ನಡ ನೆಲದಲ್ಲಿ ಇವುಗಳ ಪೈಕಿ ಹೆಚ್ಚು ಹಳೆಯದು ನಾಡು. ವಿಜಯನಗರದ ಕಾಲದಿಂದ ಸೀಮೆ ಮತ್ತು ಸ್ಥಳ, ಮುಂದೆ ಮೈಸೂರು ಒಡೆಯರ ಆಳ್ವಿಕೆಯಲ್ಲಿ ಹೋಬಳಿ ಮತ್ತು ತಾಲ್ಲೂಕು ಎಂಬ ವಿಭಾಗಗಳು ಅದರ ಪಕ್ಕದಲ್ಲೋ ಅದರ ಮೇಲೋ ಬಂದು ಕೂತವು. ಒಂದು ಪದ್ಧತಿ ಬಂದಾಗ ಹಿಂದಿನದು ಅಳಿಯಲಿಲ್ಲ. ಸರ್ಕಾರದ ಕಡತದಿಂದ ಹೊರಬಿದ್ದ ಹೆಸರು ಜಾತ್ರೆಯಲ್ಲೋ ಮನೆತನದಲ್ಲೋ ಕುಲದ ಒಳಪಂಗಡದಲ್ಲೋ ಉಳಿದುಕೊಂಡಿತು.

ಹಳೆಯ ಎಲ್ಲೆಯು ಆಡಳಿತಕ್ಕೂ ಜನರ ಗುರುತಿಗೂ ಒಂದೇ ಆಗಿ ಉಳಿಯಬೇಕೆ ಎಂಬ ಪ್ರಶ್ನೆ ಕರ್ನಾಟಕಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ಕೌಂಟಿಗಳು ಇದಕ್ಕೆ ಹೆಚ್ಚು ಚರ್ಚಿತವಾದ ನಿದರ್ಶನ. ಅಲ್ಲಿ 1888ರ ಸ್ಥಳೀಯ ಸರ್ಕಾರ ಕಾಯಿದೆಯು ಕೌಂಟಿಗಳಿಗೆ ಚುನಾಯಿತ ಸಭೆಗಳನ್ನು ಕೊಟ್ಟಿತು. 1974ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯು ರಟ್ಲಂಡ್ ಎಂಬ ಪುಟ್ಟ ಕೌಂಟಿಯನ್ನು ನೆರೆಯದಕ್ಕೆ ಸೇರಿಸಿ, ಯಾರ್ಕ್‌ಶೈರ್‌ನ ಮೂರು ಪ್ರಾಚೀನ ಭಾಗಗಳನ್ನು ಆಡಳಿತದ ನಕ್ಷೆಯಿಂದ ತೆಗೆದುಹಾಕಿತು. ರಟ್ಲಂಡಿನ ಜನ ಪಟ್ಟು ಬಿಡದೆ 1997ರಲ್ಲಿ ತಮ್ಮ ಸಭೆಯನ್ನು ಮರಳಿ ಪಡೆದರು. ಮಿಡ್ಲ್‌ಸೆಕ್ಸ್ ಕೌಂಟಿಯ ಆಡಳಿತ 1965ರಲ್ಲೇ ಕೊನೆಗೊಂಡಿದ್ದರೂ ಅದೇ ಹೆಸರಿನ ಕ್ರಿಕೆಟ್ ತಂಡ ಇಂದಿಗೂ ಆಡುತ್ತಿದೆ. ಅಲ್ಲಿ ಇಡೀ ಕೌಂಟಿಯೇ ಒಂದು ಗುರುತಾಗಿ ಉಳಿಯಿತು. ಮೈಸೂರು ಪ್ರದೇಶದಲ್ಲಾದರೋ ಹಳೆಯ ನಾಡಿನ ಹೊಣೆಗಳು ಹರಿದು ಹಂಚಿಹೋದವು: ಕಚೇರಿ ಹೋಬಳಿಗೆ, ಸಭೆ ಬೇರೆ ಕಡೆಗೆ, ದೇವರು ಇನ್ನೊಂದು ಕಡೆಗೆ.

ಶಾಸನಗಳಲ್ಲಿ ನಾಡು

ಗಂಗ, ರಾಷ್ಟ್ರಕೂಟ, ಕಲ್ಯಾಣದ ಚಾಲುಕ್ಯ ಮತ್ತು ಹೊಯ್ಸಳರ ಶಾಸನಗಳಲ್ಲಿ ಪ್ರಾಂತಗಳ ಹೆಸರಿನ ಜೊತೆಗೆ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಸಾಂತಳಿಗೆ 1000, ಹಾನುಂಗಲ್ 500, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70 ಎಂಬವು ಇವುಗಳಲ್ಲಿ ಪ್ರಸಿದ್ಧವಾದವು. ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಕಂದಾಯದ ಮೊತ್ತವೋ, ಕರೆದಾಗ ಒದಗಿಸಬೇಕಾದ ಯೋಧರ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಪ್ಪತ್ತು, ಮುನ್ನೂರು ಎಂಬಂಥ ಸಣ್ಣ ಸಂಖ್ಯೆಗಳನ್ನು ಹಳ್ಳಿಗಳ ಲೆಕ್ಕವೆಂದು ಒಪ್ಪಲು ಅಡ್ಡಿಯಿಲ್ಲ. ತೊಂಬತ್ತಾರು ಸಾವಿರದಂಥ ದೊಡ್ಡ ಸಂಖ್ಯೆಯನ್ನು ರೂಢಿಯ ಮಾತೆಂದೇ ತಿಳಿಯುವುದು ಲೇಸು. ಏನೇ ಇದ್ದರೂ, ಒಂದು ಪ್ರಾಂತವನ್ನು ಅದರ ಸಂಖ್ಯೆಯಿಂದ ಗುರುತಿಸುವ ವಾಡಿಕೆ ಶತಮಾನಗಳ ಕಾಲ ಅರಸುಮನೆತನಗಳು ಬದಲಾದರೂ ಬದಲಾಗದೆ ನಡೆದುಬಂದಿತೆಂಬುದು ಗಮನಿಸಬೇಕಾದ ಸಂಗತಿ: ಗಂಗರ ಆಳ್ವಿಕೆ ಮುಗಿದ ಮೇಲೆ ಚೋಳರು ಬಂದರು, ಹೊಯ್ಸಳರು ಬಂದರು, ಆದರೆ ಗಂಗವಾಡಿ ಗಂಗವಾಡಿಯಾಗಿಯೇ ಉಳಿಯಿತು.

ಈ ದೊಡ್ಡ ಪ್ರಾಂತಗಳ ಒಳಗಿದ್ದ ಚಿಕ್ಕ ನಾಡುಗಳೇ ಜನರ ದಿನದ ಬದುಕಿಗೆ ಹತ್ತಿರವಾದವು. ಊರಿಗೆ ಊರಗಾವುಂಡ, ನಾಡಿಗೆ ನಾಳ್ಗಾವುಂಡ ಅಥವಾ ನಾಡಗಾವುಂಡ, ಲೆಕ್ಕಪತ್ರಕ್ಕೆ ಸೇನಬೋವ ಎಂಬ ಏರ್ಪಾಡು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಈ ಸೇನಬೋವನೇ ಮುಂದಿನ ಕಾಲದ ಶಾನುಭೋಗ. ಕೆರೆಯ ದುರಸ್ತಿಗೆ ಬಿಟ್ಟ ಗದ್ದೆ, ದೇವಾಲಯಕ್ಕೆ ಕೊಟ್ಟ ದತ್ತಿ, ತುರು ಕಾಯುವಾಗ ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ಇವುಗಳಿಗೆ ನಾಡಿನವರು ಸಾಕ್ಷಿಯಾಗಿ ನಿಲ್ಲುತ್ತಿದ್ದರು. ಹಲವು ನಾಡುಗಳು ಒಟ್ಟುಗೂಡಿದ ಸಭೆಯನ್ನು ಮಹಾನಾಡು ಎನ್ನುತ್ತಿದ್ದರು. ಆದರೆ ಈ ಸಭೆಗಳನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವೆಂದು ಹೊಗಳುವುದು ಸರಿಯಲ್ಲ. ಅಲ್ಲಿ ಮಾತು ನಡೆಯುತ್ತಿದ್ದುದು ಭೂಮಿಯುಳ್ಳ ಗಾವುಂಡರದು ಮತ್ತು ಅಗ್ರಹಾರದ ಮಹಾಜನರದು. ಉಳುವ ಕೂಲಿಗೂ ಹೆಂಗಸರಿಗೂ ಸಾಮಾನ್ಯವಾಗಿ ಅಲ್ಲಿ ಜಾಗವಿರಲಿಲ್ಲ. ಹಾಗಿದ್ದರೂ ತೆರಿಗೆ ಕೂಡುವ ಎಲ್ಲೆಯೂ ಕಲೆತು ಮಾತಾಡುವ ಎಲ್ಲೆಯೂ ಒಂದೇ ಆಗಿದ್ದವೆಂಬ ಅಂಶವು ಮುಂದಿನ ಎಲ್ಲ ವ್ಯವಸ್ಥೆಗಳನ್ನೂ ತೂಗಿ ನೋಡಲು ಒಂದು ಅಳತೆಗೋಲಾಗಿದೆ.

ಮೈಸೂರು ನಗರದ ಸುತ್ತಲಿನ ಪ್ರದೇಶಕ್ಕೆ ಶಾಸನಗಳಲ್ಲಿ ಮೈಸುನಾಡು ಎಂಬ ಹೆಸರಿದೆ. ಕಪಿಲೆಯ ದಂಡೆಯಲ್ಲಿ, ಇಂದಿನ ಹೆಗ್ಗಡದೇವನಕೋಟೆಯ ಕಡೆ, ಪುನ್ನಾಡು ಅಥವಾ ಪುನ್ನಾಟವೆಂಬ ಹಳೆಯ ರಾಜ್ಯವಿದ್ದು, ಅದರ ರಾಜಧಾನಿ ಕಿತ್ತೂರು ಎಂಬ ಕೀರ್ತಿಪುರವಾಗಿತ್ತು; ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ಬೆಲೆಬಾಳುವ ಹರಳುಗಳು ಸಿಗುವ ಸ್ಥಳವೆಂದು ಅದನ್ನು ಹೆಸರಿಸಿದ್ದಾನೆ. ಅದರ ಆಚೆಗಿನ ಬಯಲುನಾಡು ಈಗ ಕೇರಳದ ವಯನಾಡು ಜಿಲ್ಲೆ. ಒಡೆಯರ ವಂಶದ ಮೂಲವನ್ನು ಹೇಳುವ ಐತಿಹ್ಯವೂ ಹದಿನಾಡು ಎಂಬ ನಾಡಿನ ಜೊತೆಗೇ ಹೆಣೆದುಕೊಂಡಿದೆ. ಇವೆಲ್ಲ ನಮ್ಮ ಅರಿವಿಗೆ ಬಂದದ್ದು ಬಹುಮಟ್ಟಿಗೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಿಂದ; ಮೈಸೂರು ಜಿಲ್ಲೆಯ ಶಾಸನಗಳು 1894 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಹೊರಬಂದವು. ರೈಸ್ ಪ್ರತಿಯೊಂದು ಶಾಸನಕ್ಕೂ ಅದು ಸಿಕ್ಕಿದ ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯನ್ನು ಕೊಟ್ಟರು. ಹೀಗಾಗಿ ಗಂಗರ ಕಾಲದ ನಾಡೊಂದರ ಚರಿತ್ರೆಯನ್ನು ಬರೆಯುವವರು ಇಂದಿಗೂ ನಂಜನಗೂಡು ಇಷ್ಟನೆಯದು, ಎಡತೊರೆ ಇಷ್ಟನೆಯದು ಎಂದು ಹತ್ತೊಂಬತ್ತನೆಯ ಶತಮಾನದ ತಾಲ್ಲೂಕಿನ ಮೂಲಕವೇ ಅದನ್ನು ತಲುಪುತ್ತಾರೆ. ಎಡತೊರೆ ತಾಲ್ಲೂಕು ಕೃಷ್ಣರಾಜನಗರವಾಗಿ ದಶಕಗಳೇ ಕಳೆದಿದ್ದರೂ ಶಾಸನಸಾಹಿತ್ಯದಲ್ಲಿ ಅದು ಎಡತೊರೆಯೇ.

ಸೀಮೆ, ಸ್ಥಳ ಮತ್ತು ಅಷ್ಟಗ್ರಾಮ

ವಿಜಯನಗರದ ಆಡಳಿತವು ರಾಜ್ಯ, ಸೀಮೆ, ನಾಡು, ಸ್ಥಳ, ಗ್ರಾಮ ಎಂಬ ಹಂತಗಳನ್ನು ಬಳಸಿತು. ಇವುಗಳ ಕ್ರಮವು ಎಲ್ಲ ಕಡೆಯೂ ಒಂದೇ ರೀತಿ ಇರಲಿಲ್ಲ. ನಾಡಿನ ಮುಖ್ಯಸ್ಥರು ಈ ಕಾಲದಲ್ಲಿ ಅರಸರಿಗೆ ಕಪ್ಪ ಕೊಡುವ ಸ್ಥಳೀಯ ಪ್ರಭುಗಳಾಗಿ ಬೆಳೆದರು. ಯಲಹಂಕ ನಾಡಿನ ಪ್ರಭುಗಳು ಇವರಲ್ಲಿ ಹೆಸರಾದವರು. ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರನ್ನು ಇಂದಿಗೂ ನಾಡಪ್ರಭು ಎಂದೇ ಕರೆಯುತ್ತಾರೆ. ಮೈಸೂರಿನ ಒಡೆಯರು ಕೂಡ ಇಂಥದೇ ಚಿಕ್ಕ ಪ್ರಭುಗಳಾಗಿ ಆರಂಭಿಸಿ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡ ಮೇಲೆ ರಾಜ್ಯವಾಗಿ ಬೆಳೆದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳ ಏರ್ಪಾಡನ್ನು ಮಾಡಿ, ಹಳ್ಳಿಯಿಂದ ರಾಜಧಾನಿಯವರೆಗೆ ಲೆಕ್ಕಪತ್ರ ಒಂದೇ ಸಮನೆ ಹರಿದುಬರುವಂತೆ ಬಿಗಿಗೊಳಿಸಿದರು. ನಾಡಿನ ಪ್ರಭುವಿನ ಜಾಗಕ್ಕೆ ಸರ್ಕಾರದ ಸಂಬಳದ ಅಧಿಕಾರಿ ಬರುವ ಬದಲಾವಣೆ ಇಲ್ಲಿಂದಲೇ ಸ್ಪಷ್ಟವಾಗಿ ಕಾಣತೊಡಗುತ್ತದೆ. ಹೈದರ್ ಮತ್ತು ಟಿಪ್ಪು ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದು, ಪಾಳೆಯಗಾರರ ಬಹುಪಾಲನ್ನು ಅಳಿಸಿದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾದ ಬಳಿಕ ದಿವಾನ್ ಪೂರ್ಣಯ್ಯನವರು ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ, ಊರಿಗೆ ಪಟೇಲ ಮತ್ತು ಶಾನುಭೋಗ ಎಂಬ ಸರಪಣಿಯನ್ನು ನೆಲೆಗೊಳಿಸಿದರು. ಹೋಬಳಿ ಎಂದರೆ ಹಲವು ಊರುಗಳನ್ನು ಒಳಗೊಂಡ, ತಾಲ್ಲೂಕಿಗಿಂತ ಚಿಕ್ಕದಾದ ಕಂದಾಯ ವಿಭಾಗ. ವಿಸ್ತೀರ್ಣದಲ್ಲಿ ಅದು ಅನೇಕ ಕಡೆ ಶಾಸನಗಳ ಚಿಕ್ಕ ನಾಡಿಗೆ ಸಮೀಪವಾಗಿತ್ತು. ಹಳೆಯ ಹೆಸರುಗಳಲ್ಲಿ ಕೆಲವನ್ನು ಈ ವ್ಯವಸ್ಥೆಯೂ ಉಳಿಸಿಕೊಂಡಿತು. ಕಾವೇರಿಯ ಎರಡು ದಡಗಳಲ್ಲಿ, ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ, ಬ್ರಾಹ್ಮಣರಿಗೆ ದತ್ತಿಯಾಗಿ ಕೊಟ್ಟಿದ್ದ ಎಂಟು ಗ್ರಾಮಗಳಿಂದ ಬಂದ ಅಷ್ಟಗ್ರಾಮವೆಂಬ ಹೆಸರು ಪಟ್ಟಣ ಅಷ್ಟಗ್ರಾಮ, ಮೈಸೂರು ಅಷ್ಟಗ್ರಾಮ ಎಂಬ ಎರಡು ತಾಲ್ಲೂಕುಗಳಾಗಿ, ಮುಂದೆ ಇಡೀ ದಕ್ಷಿಣ ಮೈಸೂರಿನ ವಿಭಾಗದ ಹೆಸರಾಗಿ ಹಿಗ್ಗಿತು.

ಫೌಜುದಾರಿಯಿಂದ ಜಿಲ್ಲೆಗೆ

1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮೈಸೂರು ಫೌಜುದಾರಿಗಳೆಂಬ ಆರು ವಿಭಾಗಗಳಾಗಿತ್ತು: ಬೆಂಗಳೂರು, ಮದ್ದಗಿರಿ, ಚಿತ್ರದುರ್ಗ, ನಗರ, ಮಂಜರಾಬಾದು, ಅಷ್ಟಗ್ರಾಮ. ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಇವು ನಾಲ್ಕು ವಿಭಾಗಗಳಾದವು. 1862ರಲ್ಲಿ ಕಮಿಷನರಾಗಿ ಬಂದ ಲೂಯಿನ್ ಬೌರಿಂಗ್ ಅವರು ರಾಜ್ಯವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿ, ಅವುಗಳೊಳಗೆ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ ಎಂಬ ಎಂಟು ಜಿಲ್ಲೆಗಳಾಗಿ ಬಿಡಿಸಿದರು. ಇಂದು ಹಳೆ ಮೈಸೂರು ಎನ್ನುವ ಪ್ರದೇಶದ ಜಿಲ್ಲಾನಕ್ಷೆಯ ಮೂಲಚೌಕಟ್ಟು ಇದೇ. ಈ ಜಿಲ್ಲೆಗಳಿಗೆ ಹೆಸರು ಬಂದದ್ದು ಕೇಂದ್ರಪಟ್ಟಣದಿಂದ. ಅಂದರೆ ಜಿಲ್ಲೆ ಎಂಬುದು ನಾಡಿನ ಹಾಗೆ ಜನರಿರುವ ನೆಲದ ಹೆಸರಲ್ಲ, ಡೆಪ್ಯುಟಿ ಕಮಿಷನರ ಕಚೇರಿ ಇರುವ ಊರಿನ ಹೆಸರು.

ಪಕ್ಕದ ಕೊಡಗಿನಲ್ಲಿ ಬೇರೆಯೇ ಹಾದಿ ನಡೆಯಿತು. ಅಲ್ಲಿನ ರೂಢಿಯ ಮಾತಿನಲ್ಲಿ ದೇಶವೆಂದರೆ ಹನ್ನೆರಡು ಕೊಂಬು, ಮೂವತ್ತೈದು ನಾಡು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಈ ನಾಡುಗಳನ್ನು ಅಳಿಸದೆ ತಾಲ್ಲೂಕಿನ ಕೆಳಗಿನ ಕಂದಾಯ ಘಟಕವಾಗಿ ಉಳಿಸಿಕೊಂಡು, ಅವುಗಳ ಮೇಲೆ ಪಾರುಪತ್ತೆಗಾರರೆಂಬ ಅಧಿಕಾರಿಗಳನ್ನು ಇಟ್ಟರು. ಪಡಿನಾಲ್ಕುನಾಡು, ಕಿಗ್ಗಟ್ಟುನಾಡು, ಎಡೆನಾಲ್ಕುನಾಡು, ಏಳುಸಾವಿರಸೀಮೆ ಎಂಬ ತಾಲ್ಲೂಕಿನ ಹೆಸರುಗಳೂ ಹಳೆಯ ವಿಭಾಗದಿಂದಲೇ ಬಂದವು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಕ್ಕ (ಮನೆತನ), ಊರು, ನಾಡು ಎಂಬ ಕೂಟಗಳು ಹಬ್ಬಗಳ ಮೂಲಕ ಹೇಗೆ ತಮ್ಮ ಒಗ್ಗಟ್ಟನ್ನು ಕಾಯ್ದುಕೊಳ್ಳುತ್ತವೆಂಬುದನ್ನು ವಿವರಿಸಿದ್ದಾರೆ. ಪುತ್ತರಿ ಹಬ್ಬದ ಕೋಲಾಟವು ಊರಮಂದಿನಲ್ಲಿ, ಅಂದರೆ ಊರಿನ ಮೈದಾನದಲ್ಲಿ, ನಡೆದು ನಾಡಮಂದಿನಲ್ಲಿ ಕೂಡಿಕೊಳ್ಳುವ ಕ್ರಮ ಇಂದಿಗೂ ಇದೆ. ನಾಡು ಎಂಬ ಘಟಕಕ್ಕೆ ಕಚೇರಿ, ಮೈದಾನ, ಹಬ್ಬ ಮೂರೂ ಒಟ್ಟಿಗೆ ಉಳಿದ ಅಪರೂಪದ ಜಿಲ್ಲೆಯೆಂದು ಕೊಡಗನ್ನು ಹೇಳಬೇಕು.

ತಾಲ್ಲೂಕು ಮತ್ತು ಪ್ರಾತಿನಿಧ್ಯ

1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಗೆ 144 ಮಂದಿ ಬಂದಿದ್ದರು. ತಾಲ್ಲೂಕುಗಳಿಂದ ರೈತರು ಮತ್ತು ವ್ಯಾಪಾರಿಗಳು ದಸರೆಯ ಸಮಯದಲ್ಲಿ ಮೈಸೂರಿಗೆ ಬಂದು, ಹಿಂದಿನ ವರ್ಷದ ಆಡಳಿತದ ವರದಿಯನ್ನು ದಿವಾನರ ಬಾಯಿಂದ ಕೇಳಿ, ತಮ್ಮ ಭಾಗದ ಕುಂದುಕೊರತೆಗಳನ್ನು ಮುಂದಿಡುವುದು ವಾಡಿಕೆಯಾಯಿತು. ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಅದರ ಸದಸ್ಯರು ಅನುಕೂಲಸ್ಥರು. 1923ರ ಕಾಯಿದೆಯವರೆಗೆ ಅದಕ್ಕೆ ಶಾಸನಬದ್ಧ ಸ್ಥಾನವೂ ಇರಲಿಲ್ಲ. ಆದರೂ ತೆರಿಗೆ ಎತ್ತುವ ಘಟಕವಾಗಿದ್ದ ತಾಲ್ಲೂಕನ್ನು ಪ್ರತಿನಿಧಿಯನ್ನು ಕಳುಹಿಸುವ ಘಟಕವನ್ನಾಗಿ ಮಾಡಿದ ಶ್ರೇಯಸ್ಸು ಅದಕ್ಕೇ ಸಲ್ಲುತ್ತದೆ. ನಾಡಿನವರು ಕೂಡುವುದು ನಿಂತುಹೋಗಿ ಬಹುಕಾಲವಾದ ಮೇಲೆ, ಒಂದು ಭೂಭಾಗದ ಪರವಾಗಿ ಎದ್ದುನಿಂತು ಮಾತನಾಡುವ ಪದ್ಧತಿ ಹೀಗೆ ಹೊಸ ರೂಪದಲ್ಲಿ ಮರಳಿತು.

1902ರ ಸ್ಥಳೀಯ ಮಂಡಳಿಗಳ ಕಾಯಿದೆಯಿಂದ ಜಿಲ್ಲಾ ಬೋರ್ಡು ಮತ್ತು ತಾಲ್ಲೂಕು ಬೋರ್ಡುಗಳು ಬಂದವು; 1918ರ ಕಾಯಿದೆಯು ಚುನಾಯಿತ ಸದಸ್ಯರ ಪಾಲನ್ನು ಹೆಚ್ಚಿಸಿ ಗ್ರಾಮ ಪಂಚಾಯಿತಿಗಳಿಗೆ ಅವಕಾಶ ಕೊಟ್ಟಿತು. 1926ರಲ್ಲಿ ತಾಲ್ಲೂಕು ಬೋರ್ಡುಗಳನ್ನು ರದ್ದುಗೊಳಿಸಿ, ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯಿತಿ ಎರಡನ್ನೇ ಉಳಿಸಲಾಯಿತು. ಹಣ ಮತ್ತು ಅಧಿಕಾರ ಹಂಚಿಹೋಗುತ್ತದೆಂಬ ಭಯದಿಂದ ನಡುವಿನ ಹಂತವನ್ನು ಕಿತ್ತುಹಾಕುವ, ಆಮೇಲೆ ಅದರ ಅಗತ್ಯ ಕಂಡು ಮತ್ತೆ ತರುವ ಈ ಓಲಾಟ ಮುಂದೆಯೂ ನಿಲ್ಲಲಿಲ್ಲ.

ಬನ್ನಿಮಂಟಪ ಮತ್ತು ಎಲ್ಲೆಯ ಆಚರಣೆ

ಆಡಳಿತದ ಎಲ್ಲೆ ಕಾಗದದಲ್ಲಿರುತ್ತದೆ. ಅದು ಜನಮನದಲ್ಲಿ ಊರಬೇಕಾದರೆ ಅದನ್ನು ನಡೆದು ತೋರಿಸುವ ಆಚರಣೆ ಬೇಕು. ವಿಜಯದಶಮಿಯಂದು ನಡೆಯುವ ಸೀಮೋಲ್ಲಂಘನ, ಅಂದರೆ ಸೀಮೆಯನ್ನು ವಿಧಿಪೂರ್ವಕವಾಗಿ ದಾಟುವ ಕ್ರಮ, ಅಂಥದು. ಅಜ್ಞಾತವಾಸದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಇರಿಸಿದ್ದರೆಂಬ ಭಾರತದ ಕಥೆಯ ನೆನಪಿನಲ್ಲಿ, ಊರಿನ ಅಂಚಿನಲ್ಲಿರುವ ಬನ್ನಿಮರಕ್ಕೆ ಅರಸನಾಗಲಿ ಗ್ರಾಮದೇವತೆಯಾಗಲಿ ಮೆರವಣಿಗೆಯಲ್ಲಿ ಹೋಗಿ ಪೂಜೆ ಸಲ್ಲಿಸಿ ಮರಳುವುದು ಕರ್ನಾಟಕದ ಉದ್ದಗಲಕ್ಕೂ ಇದೆ. ಉತ್ತರದ ಜಿಲ್ಲೆಗಳಲ್ಲಿ ಅಂದು ಬನ್ನಿಯೆಲೆಯನ್ನು ಬಂಗಾರವೆಂದು ಪರಸ್ಪರ ಕೊಟ್ಟು ಹಿರಿಯರ ಕಾಲಿಗೆರಗುತ್ತಾರೆ. ಮಳೆಗಾಲ ಕಳೆದು ದಂಡಯಾತ್ರೆಗೆ ಹೊರಡುವ ಕಾಲ ಅದಾಗಿದ್ದರಿಂದ, ತನ್ನ ಎಲ್ಲೆಯನ್ನು ಕಾಯಬಲ್ಲೆ, ದಾಟಲೂ ಬಲ್ಲೆ ಎಂದು ಅರಸು ಸಾರುವ ಸಂದರ್ಭವೂ ಆಗಿತ್ತು.

ವಿಜಯನಗರದ ಮಹಾನವಮಿಯ ಮಾದರಿಯಲ್ಲಿ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಆ ಪಟ್ಟಣದ ಬನ್ನಿಮಂಟಪ ಕಾವೇರಿಯ ದ್ವೀಪದಿಂದ ಹೊರಗೆ, ಕಿರಂಗೂರಿನಲ್ಲಿದ್ದು, ಈಗ ನಡೆಯುವ ಶ್ರೀರಂಗಪಟ್ಟಣ ದಸರೆಯ ಮೆರವಣಿಗೆ ಅಲ್ಲಿಂದಲೇ ಹೊರಡುತ್ತದೆ. ರಾಜಧಾನಿ ಮೈಸೂರಿಗೆ ಬಂದ ಮೇಲೆ ಇಲ್ಲಿನ ಬನ್ನಿಮಂಟಪ ನೆಲೆಗೊಂಡದ್ದು ಕೋಟೆ ಮತ್ತು ಹಳೆಯ ಪೇಟೆಯ ಉತ್ತರಕ್ಕೆ, ಅರಮನೆಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿ. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯನ್ನು ಹಾದು ಅಲ್ಲಿ ಮುಗಿಯುತ್ತದೆ. ಅಂದು ಸಂಜೆ ಅಲ್ಲಿನ ಮೈದಾನದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ರಾಜಧನ ರದ್ದಾದ 1971ರ ನಂತರ ಚಿನ್ನದ ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತಿದ್ದು, ರಾಜವಂಶದವರ ಬನ್ನಿಪೂಜೆ ಅರಮನೆ ಆವರಣದ ಭುವನೇಶ್ವರಿ ದೇವಾಲಯದ ಬಳಿ ನಡೆಯುತ್ತದೆ. ದಸರೆಯನ್ನು ನಾಡಹಬ್ಬವೆಂದೂ ಚಾಮುಂಡಿಯನ್ನು ನಾಡದೇವತೆಯೆಂದೂ ಕರೆಯುವಾಗ ನಾಡು ಎಂದರೆ ಇಡೀ ರಾಜ್ಯ. ಮೈಸುನಾಡಿನಷ್ಟಿದ್ದ ವ್ಯಾಪ್ತಿ ಬೆಳೆದು ಇಲ್ಲಿಗೆ ಮುಟ್ಟಿದೆ.

ಈ ಮೆರವಣಿಗೆಯಲ್ಲಿ ಜಿಲ್ಲೆಗಳ ಸ್ತಬ್ಧಚಿತ್ರಗಳು ಸಾಗುವುದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಜಿಲ್ಲಾ ಪಂಚಾಯಿತಿಗಳ ಹೊಣೆಯಲ್ಲಿ ಸಿದ್ಧವಾಗುವ ಇವು ಆಯಾ ಜಿಲ್ಲೆಯ ಕೋಟೆ, ಜಲಪಾತ, ಬೆಳೆ, ದೇವಾಲಯ, ಸಾಧಕರನ್ನು ತೋರಿಸುತ್ತವೆ. ನಿನ್ನೆ ಮೊನ್ನೆ ರಚನೆಯಾದ ಜಿಲ್ಲೆಯೂ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಚಿತ್ರವನ್ನು ಇಲ್ಲಿ ಕಟ್ಟಬೇಕಾಗುತ್ತದೆ, ಕಟ್ಟುತ್ತಾ ಕಟ್ಟುತ್ತಾ ಆ ಚಿತ್ರ ನಿಜವಾಗಿಯೂ ಅದರ ಗುರುತಾಗುತ್ತದೆ. ಪ್ರಾಂತದ ಅಭಿಮಾನವು ಹಳೆಯ ಘಟಕಗಳಿಗೆ ಮಾತ್ರ ಮೀಸಲು ಎಂಬ ನಂಬಿಕೆಗೆ ಇದು ಬಲವಾದ ಉತ್ತರ.

ನಗರದೊಳಗೂ ಸಾಂಪ್ರದಾಯಿಕ ವಿಭಾಗಗಳಿದ್ದವು. ಮೈಸೂರು ಕೋಟೆ, ದೇವರಾಜ, ಲಷ್ಕರ್, ಮಂಡಿ, ಕೃಷ್ಣರಾಜ, ಚಾಮರಾಜ, ನಜರ್‌ಬಾದ್ ಎಂಬ ಮೊಹಲ್ಲಾಗಳಾಗಿತ್ತು. ಬನ್ನಿಮಂಟಪದ ಕಡೆಗೆ ಹೋಗುವ ದಾರಿ ಮಂಡಿ ಮೊಹಲ್ಲಾದ ಮಗ್ಗುಲಲ್ಲೇ ಸಾಗುತ್ತದೆ. ಈಗ ಮಹಾನಗರ ಪಾಲಿಕೆಯಲ್ಲಿರುವುದು 65 ವಾರ್ಡುಗಳು. ವಾರ್ಡಿನ ಸಂಖ್ಯೆಯನ್ನು ನೆನಪಿಟ್ಟುಕೊಂಡವರು ವಿರಳ, ಮೊಹಲ್ಲಾದ ಹೆಸರು ಎಲ್ಲರ ವಿಳಾಸದಲ್ಲಿದೆ. ಕೃಷ್ಣರಾಜ, ಚಾಮರಾಜ ಎಂಬ ಹೆಸರುಗಳು ವಿಧಾನಸಭಾ ಕ್ಷೇತ್ರಗಳಿಗೂ ಇವೆ. ಬನ್ನಿಮಂಟಪವಂತೂ ಇಂದು ನಗರದ ಅಂಚಾಗಿ ಉಳಿದಿಲ್ಲ. ಬಡಾವಣೆ, ಕೈಗಾರಿಕಾ ಪ್ರದೇಶ, ಕಾಲೇಜುಗಳು ಅದನ್ನು ಸುತ್ತುವರಿದಿವೆ. ಎಲ್ಲೆ ಮುಂದಕ್ಕೆ ಸರಿದರೂ ಎಲ್ಲೆಯ ಆಚರಣೆ ತನ್ನ ಜಾಗವನ್ನು ಬಿಟ್ಟಿಲ್ಲ.

ಕುಲ, ಮನೆತನ, ದೇವರು

ಅಳಿದ ಪ್ರಾಂತಗಳು ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಸಮುದಾಯಗಳ ಹೆಸರಿನಲ್ಲಿ. ಗಂಗಡಿಕಾರ ಒಕ್ಕಲಿಗರ ಹೆಸರು ಗಂಗವಾಡಿಯಿಂದ, ಮೊರಸು ಒಕ್ಕಲಿಗರದು ಮೊರಸುನಾಡಿನಿಂದ, ನೊಣಬರದು ನೊಳಂಬವಾಡಿಯಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಬ್ರಾಹ್ಮಣರಲ್ಲಿ ಬಡಗನಾಡು, ಮುಲಕನಾಡು ಎಂಬ ಒಳಪಂಗಡಗಳಿವೆ. ನೊಳಂಬ ಅರಸರ ಆಳ್ವಿಕೆ ಮುಗಿದು ಸಾವಿರ ವರ್ಷ ಸಮೀಪಿಸುತ್ತಿದ್ದರೂ ಮದುವೆಯ ಮಾತುಕತೆಯಲ್ಲಿ ಅವರ ಪ್ರಾಂತದ ಹೆಸರು ಇನ್ನೂ ಕೆಲಸ ಮಾಡುತ್ತಿದೆ. ಅಧಿಕಾರಗಳು ಹೋದ ಮೇಲೂ ಅವುಗಳ ಹೆಸರು ಮನೆತನದಲ್ಲಿ ಮುಂದುವರಿದಿವೆ: ನಾಡಗೌಡ, ನಾಡಿಗ, ದೇಸಾಯಿ, ದೇಶಪಾಂಡೆ, ಶಾನುಭೋಗ, ಪಟೇಲ. ಪಟೇಲ, ಶಾನುಭೋಗ ಮೊದಲಾದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು ತೆಗೆದುಹಾಕಿತು; ಸಮತೆಯ ದೃಷ್ಟಿಯಿಂದ ಅದು ಬೇಕಾಗಿದ್ದ ಹೆಜ್ಜೆ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಕಟ್ಟೆಮನೆ ಎಂಬ ಕುಲದ ಪಂಚಾಯಿತಿಯು ಹಲವು ಊರುಗಳನ್ನು ಒಳಗೊಂಡ ತನ್ನದೇ ಎಲ್ಲೆಯನ್ನು ಹೊಂದಿತ್ತು. ಹೋಬಳಿಯ ಗಡಿಗೂ ಇದಕ್ಕೂ ತಾಳೆಯಾಗಲೇಬೇಕೆಂಬ ನಿಯಮವಿರಲಿಲ್ಲ. ಜಗಳ ಬಗೆಹರಿಸಿದ ಹಾಗೆಯೇ ಬಹಿಷ್ಕಾರ, ದಂಡಗಳನ್ನೂ ವಿಧಿಸುತ್ತಿದ್ದ ಈ ಕೂಟಗಳ ನೆನಪು ಎಲ್ಲರಿಗೂ ಸವಿಯಾದದ್ದಲ್ಲವೆಂಬುದನ್ನು ಪ್ರಾಂತೀಯ ಪರಂಪರೆಯನ್ನು ಕೊಂಡಾಡುವ ಬರಹಗಳು ಅನೇಕ ಸಲ ಮರೆಯುತ್ತವೆ.

ರಾಜ್ಯಗಳ ಗಡಿಯನ್ನೂ ಮೀರಿ ಸೀಮೆ ಉಳಿದಿರುವುದಕ್ಕೆ ಕಾಸರಗೋಡು ಸಾಕ್ಷಿ. 1956ರಲ್ಲಿ ಆ ತಾಲ್ಲೂಕು ಕೇರಳಕ್ಕೆ ಸೇರಿತು. ಆದರೂ ಕುಂಬಳೆ ಸೀಮೆಯ ನಾಲ್ಕು ದೇವಾಲಯಗಳೆಂದು ಅಡೂರು, ಮಧೂರು, ಕಣಿಪುರ, ಮುಜುಂಗಾವುಗಳನ್ನು ಒಟ್ಟಿಗೆ ನೆನೆಯುವ ಪದ್ಧತಿ ಅಲ್ಲಿನ ಕನ್ನಡಿಗರಲ್ಲಿ ಮಾಸಿಲ್ಲ. ಮೈಸೂರು ಪ್ರದೇಶದ ದಕ್ಷಿಣದಂಚಿನಲ್ಲಿರುವ ತಾಳವಾಡಿಯೂ ಹೀಗೆಯೇ: ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಅಲ್ಲಿನ ಹಳ್ಳಿಗಳಲ್ಲಿ ಕನ್ನಡ ಮನೆಮಾತು, ಕಂದಾಯದ ಘಟಕದ ಹೆಸರು ಮಾತ್ರ ಹೋಬಳಿಯಲ್ಲ, ಫಿರ್ಕಾ.

ಇಂದಿನ ಹೋಬಳಿ

1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯವೂ, 1997ರಲ್ಲಿ ಚಾಮರಾಜನಗರವೂ ಬೇರೆಯಾದವು. 1956ರಲ್ಲಿ 19 ಜಿಲ್ಲೆಗಳಿದ್ದ ರಾಜ್ಯದಲ್ಲಿ 2021ರಲ್ಲಿ ವಿಜಯನಗರ ಸೇರಿ 31 ಆದವು. ತಾಲ್ಲೂಕುಗಳ ಪುನರ್ವಿಂಗಡಣೆಗೆಂದು ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್, ಎಂ. ಬಿ. ಪ್ರಕಾಶ್ ಅವರ ನೇತೃತ್ವದಲ್ಲಿ ಒಂದಾದ ಮೇಲೊಂದು ಸಮಿತಿಗಳು ನೇಮಕವಾದವು. ಮೈಸೂರು ಜಿಲ್ಲೆಯಲ್ಲಿ ಸರಗೂರು, ಸಾಲಿಗ್ರಾಮ ಹೊಸ ತಾಲ್ಲೂಕುಗಳಾಗಿವೆ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿದು, ಅಂದಿನ 175ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಹಿಂದುಳಿದಿರುವಿಕೆಗೂ ಹೀಗೆ ಒಂದು ಪ್ರಾಂತೀಯ ಗುರುತು ಬಂದಿತು. ಹೆಸರಿನ ರಾಜಕಾರಣವೂ ಇದರ ಜೊತೆಗೇ ಸಾಗಿದೆ: ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬೈ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು, ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಹೆಚ್ಚು ಚರ್ಚೆಗೆ ಬಾರದೆ ಉಳಿದ ಘಟಕವೆಂದರೆ ಹೋಬಳಿ. ಮೈಸೂರು ತಾಲ್ಲೂಕಿನಲ್ಲಿ ಕಸಬಾ, ವರುಣ, ಜಯಪುರ, ಇಲವಾಲ ಎಂಬ ನಾಲ್ಕು ಹೋಬಳಿಗಳಿವೆ. ರೈತನ ಪಹಣಿಯಲ್ಲಿ ತಾಲ್ಲೂಕಿನ ಕೆಳಗೆ ಹೋಬಳಿ, ಅದರ ಕೆಳಗೆ ಗ್ರಾಮ ಮತ್ತು ಸರ್ವೆ ನಂಬರ್ ಇರುತ್ತವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವೃದ್ಧಾಪ್ಯ ವೇತನದ ಅರ್ಜಿ ಮುಂತಾದವುಗಳಿಗೆ ಜನ ಹೋಗುವುದು ಹೋಬಳಿಯ ನಾಡಕಚೇರಿಗೆ; ಶಾಸನಗಳ ನಾಡು ಎಂಬ ಮಾತು ಸರ್ಕಾರಿ ಫಲಕದ ಮೇಲೆ ಈಗಲೂ ಇರುವುದು ಅಲ್ಲಿ ಮಾತ್ರ. ರೈತ ಸಂಪರ್ಕ ಕೇಂದ್ರವೂ ಹೋಬಳಿಯ ಮಟ್ಟದಲ್ಲೇ ಇದೆ. ಇಲ್ಲದಿರುವುದು ಸಭೆ. 1959ರ ಕಾಯಿದೆಯು ತಾಲ್ಲೂಕು ಅಭಿವೃದ್ಧಿ ಮಂಡಳಿಯನ್ನು ತಂದಿತು. ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಶ್ರದ್ಧೆಯಿಂದ ರೂಪುಗೊಂಡ 1983ರ ಕಾಯಿದೆಯು ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಯ ಮಂಡಲ ಪಂಚಾಯಿತಿಗಳನ್ನೂ ಬಲವಾದ ಜಿಲ್ಲಾ ಪರಿಷತ್ತನ್ನೂ ತಂದು, 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನವನ್ನು ಮೀಸಲಿಟ್ಟಿತು. 1993ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನು ನೆಲೆಗೊಳಿಸಿತು. ಇವುಗಳಲ್ಲಿ ಯಾವುದೂ ಹೋಬಳಿಗೆ ಚುನಾಯಿತ ಕೂಟವನ್ನು ಕೊಡಲಿಲ್ಲ. ನಾಡಿನ ಗಾತ್ರದ ಭೂಭಾಗವು ಅರ್ಜಿ ಹಾಕುವ ಜಾಗವಾಗಿ ಉಳಿಯಿತೇ ಹೊರತು ಕಲೆತು ತೀರ್ಮಾನಿಸುವ ಜಾಗವಾಗಲಿಲ್ಲ. ಒಂದೇ ಕೆರೆಕೋಡಿ, ಒಂದೇ ಸಂತೆ, ಒಂದೇ ಪ್ರೌಢಶಾಲೆಯನ್ನು ಹಂಚಿಕೊಂಡ ಹತ್ತಾರು ಹಳ್ಳಿಗಳ ಸಮಸ್ಯೆ ಗ್ರಾಮ ಪಂಚಾಯಿತಿಗೆ ದೊಡ್ಡದೂ ತಾಲ್ಲೂಕು ಪಂಚಾಯಿತಿಗೆ ಸಣ್ಣದೂ ಆಗಿ ನಡುವೆ ಬಿದ್ದುಹೋಗುವುದಕ್ಕೆ ಇದೇ ಮುಖ್ಯ ಕಾರಣ.

ಇರುವ ಸಭೆಗಳ ಸ್ಥಿತಿಯೂ ಸಮಾಧಾನಕರವಾಗಿಲ್ಲ. 2016ರ ಫೆಬ್ರುವರಿಯಲ್ಲಿ ಚುನಾವಣೆ ಕಂಡ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿಯ ತೊಡಕುಗಳ ನಡುವೆ ಮರುಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿಯೂ 2023ರ ನವೆಂಬರಿನಲ್ಲಿ ಮುಗಿದು, ಆಡಳಿತಾಧಿಕಾರಿಯ ಕೈಗೆ ನಗರ ಹೋಯಿತು. ಹೊರವಲಯದ ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ಬಡ್ತಿ ಪಡೆದಾಗ ಅಲ್ಲಿನ ಗ್ರಾಮ ಪಂಚಾಯಿತಿಗಳು ಕೊನೆಗೊಂಡವು. ಹಳ್ಳಿಯ ಸಭೆ ಹೋಗಿ ಪಟ್ಟಣದ ಸಭೆ ಚುನಾವಣೆಗೆ ಕಾಯುತ್ತಿದ್ದ ಆ ಅವಧಿಯಲ್ಲಿ ಅಲ್ಲಿನ ನಿವಾಸಿಗಳು ಕಂದಾಯ ಕಟ್ಟುತ್ತಿದ್ದರು, ಪಹಣಿಗಾಗಿ ತಮ್ಮ ಹೋಬಳಿಯ ನಾಡಕಚೇರಿಗೆ ಹೋಗುತ್ತಿದ್ದರು, ಆದರೆ ತಾವೇ ಆರಿಸಿದ ಸದಸ್ಯರೊಬ್ಬರೂ ಅವರಿಗಿರಲಿಲ್ಲ.